ಜೆಪೆಗ್ ಕಾಣದಿದ್ದಾಗ ಮೊದಲು ಓದಬೇಕಾದ ಸಾಲು

ದಾವಣಗೆರೆಯಲ್ಲಿ ಸ್ಟುಡಿಯೊ ತೆರೆದು ಇಪ್ಪತ್ತೆರಡು ವರ್ಷವಾಯಿತು. ಶುರುವಿನಲ್ಲಿ ರೀಲುಗಳನ್ನು ಬಸ್ಸಿನಲ್ಲಿ ಲ್ಯಾಬಿಗೆ ಕಳಿಸಿ, ಪ್ರಿಂಟು ಬರುವವರೆಗೆ ಕಾಯುತ್ತಿದ್ದೆ. ಈಗ ಆಲ್ಬಂ, ಫ್ಲೆಕ್ಸ್, ಲಗ್ನಪತ್ರಿಕೆ, ಪರೀಕ್ಷೆ ಅರ್ಜಿಯ ಫೋಟೊ ಎಲ್ಲವೂ ಒಂದೇ ಕಂಪ್ಯೂಟರಿನ ಮುಂದೆ ಮುಗಿಯುತ್ತವೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗರು, ಹುಡುಗಿಯರು ಹರಿಹರ, ಹೊನ್ನಾಳಿ, ಜಗಳೂರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾರೆ. ಅವರಿಂದ ಬರುವ ಫೋನುಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಅಣ್ಣಾ, ಸೇವ್ ಮಾಡೋಕೆ ಹೋದ್ರೆ ಪಟ್ಟೀಲಿ ಜೆಪೆಗ್ಗೇ ಇಲ್ಲ. ಸಾಫ್ಟ್‌ವೇರ್ ಕೆಟ್ಟಿದೆ ಅನ್ಸುತ್ತೆ."

ಕೇಳಲು ಸಣ್ಣ ತೊಂದರೆ. ಆದರೆ ಅದು ಎದುರಾಗುವುದು ಕೆಲಸವೆಲ್ಲ ಮುಗಿದ ಮೇಲೆ. ಗಿರಾಕಿ ಎದುರಿಗೆ ಕೂತಿರುತ್ತಾರೆ, ಲ್ಯಾಬಿನ ಗಾಡಿ ಹೊರಡುವ ಹೊತ್ತಾಗಿರುತ್ತದೆ, ಅರ್ಜಿಗೆ ಕೊನೆಯ ದಿನವಾಗಿರುತ್ತದೆ. ಆಗ ಕೈ ನಡುಗಿ ಮಾಡಬಾರದ್ದನ್ನು ಮಾಡಿಬಿಡುತ್ತೇವೆ. ಅಂಥ ರಾತ್ರಿಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಸಾಫ್ಟ್‌ವೇರ್ ತೆಗೆದು ಹಾಕುವ ಮುನ್ನ ಫೈಲಿನ ಹೆಸರಿನ ಪಕ್ಕ ನೋಡಿ

2009ರ ಮದುವೆ ಸೀಸನ್. ಹೊಸ ಡಿಎಸ್ಎಲ್ಆರ್ ಕೊಂಡಿದ್ದೆ. ರಾ ಫೈಲಿನಲ್ಲಿ ತೆಗೆದರೆ ಬಿಳಿ ಪಂಚೆಯ ಮಡಿಕೆ, ರೇಷ್ಮೆ ಸೀರೆಯ ಜರಿ ಎರಡೂ ಉಳಿಯುತ್ತವೆ ಎಂದು ತಿಳಿದಿದ್ದರಿಂದ ಇಡೀ ಮದುವೆಯನ್ನು ಹಾಗೇ ತೆಗೆದೆ. ಆಲ್ಬಮ್ಮಿಗೆ ಆರಿಸಿದ ಅರವತ್ತು ಚಿತ್ರಗಳನ್ನು ಫೋಟೊಶಾಪಿನ ಕ್ಯಾಮೆರಾ ರಾ ಮೂಲಕ ತೆರೆದು, ಮುಖದ ಬಣ್ಣ ಸರಿಮಾಡಿ, ಸೇವ್ ಆಸ್ ಒತ್ತಿದರೆ ಪಿಎಸ್‌ಡಿ ಇದೆ, ಟಿಫ್ ಇದೆ, ಪಿಎನ್‌ಜಿ ಇದೆ, ಜೆಪೆಗ್ ಇಲ್ಲ. ಲ್ಯಾಬಿಗೆ ಬೇಕಾದದ್ದು ಜೆಪೆಗ್ ಒಂದೇ.

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಬರಲಿಲ್ಲ. ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿದೆ. ಆಗಲೂ ಬರಲಿಲ್ಲ. ಬೆಳಗಿನ ಜಾವ ನಾಲ್ಕಾಯಿತು. ಆರು ಗಂಟೆಗೆ ಹುಬ್ಬಳ್ಳಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಫೋನ್ ಹಚ್ಚಿದೆ. ಅವರು ಏನನ್ನೂ ಕೇಳಲಿಲ್ಲ. "ಮ್ಯಾಲೆ ಫೈಲಿನ ಹೆಸರಿನ ಬಾಜೂಕ ಏನ್ ಬರದೈತಿ, ಓದ್ರಿ" ಅಂದರು. ಓದಿದೆ: ಆರ್‌ಜಿಬಿ, ಓರೆಗೆರೆ, ಹದಿನಾರು. "ಇಮೇಜ್ ಮೆನುದಾಗ ಮೋಡಿಗೆ ಹೋಗಿ ಆ ಹದಿನಾರನ್ನ ಎಂಟು ಮಾಡ್ರಿ." ಮಾಡಿದೆ. ಪಟ್ಟಿ ತೆರೆದರೆ ಜೆಪೆಗ್ ತನ್ನ ಜಾಗದಲ್ಲಿ ಕೂತಿತ್ತು.

ಕಾರಣ ಇಷ್ಟೇ. ನಾವು ಬಳಸುವ ಜೆಪೆಗ್, ಒಂದೊಂದು ಬಣ್ಣದ ಚಾನೆಲ್ಲಿಗೆ ಎಂಟು ಬಿಟ್ ಮಾತ್ರ ಹಿಡಿಯುತ್ತದೆ. ಅಂದರೆ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲು. ಫೋಟೊಶಾಪಿನ ಹದಿನಾರು ಬಿಟ್ ಚಿತ್ರದಲ್ಲಿ ಅಂಥ ಮೆಟ್ಟಿಲು 32 ಸಾವಿರಕ್ಕೂ ಹೆಚ್ಚು. ಅಷ್ಟನ್ನು ಜೆಪೆಗ್ಗಿನಲ್ಲಿ ತುಂಬಲು ಬರುವುದಿಲ್ಲವಾದ್ದರಿಂದ ಸಿಎಸ್4ರವರೆಗಿನ ಫೋಟೊಶಾಪ್ ಆ ಹೆಸರನ್ನೇ ಪಟ್ಟಿಯಿಂದ ತೆಗೆದಿಡುತ್ತಿತ್ತು. 2010ರಲ್ಲಿ ಬಂದ ಸಿಎಸ್5ರಿಂದ ಈಚೆಗೆ ಜೆಪೆಗ್ ಕಾಣುತ್ತದೆ. ಉಳಿಸುವಾಗ ತಾನೇ ಎಂಟು ಬಿಟ್ಟಿಗೆ ಇಳಿಸಿಕೊಳ್ಳುತ್ತದೆ. ಹಳೆಯ ಆವೃತ್ತಿ ಇಟ್ಟುಕೊಂಡ ಅಂಗಡಿಗಳಲ್ಲಿ ಇವತ್ತಿಗೂ ಇದೇ ಮೊದಲ ಕಾರಣ.

ಕ್ಯಾಮೆರಾ ರಾ ಕಿಟಕಿಯ ತಳದಲ್ಲಿ ಗೆರೆ ಎಳೆದಂತೆ ಒಂದು ಸಾಲು ಕಾಣುತ್ತದೆ: ಬಣ್ಣದ ಪ್ರೊಫೈಲು, ಬಿಟ್ಟಿನ ಸಂಖ್ಯೆ, ಪಿಕ್ಸೆಲ್ ಅಳತೆ. ಅದು ಬರಿಯ ಮಾಹಿತಿಯಲ್ಲ, ಒತ್ತಿದರೆ ತೆರೆಯುತ್ತದೆ. ಹದಿನಾರು ಬಿಟ್ ಎಂದು ಒಮ್ಮೆ ಆರಿಸಿದರೆ ಮುಂದಿನ ಚಿತ್ರಗಳೆಲ್ಲ ಹಾಗೇ ತೆರೆಯುತ್ತವೆ. "ಕ್ವಾಲಿಟಿ ಚೆನ್ನಾಗಿ ಬರುತ್ತೆ" ಎಂದು ಯಾರೋ ಹೇಳಿದ್ದಕ್ಕೆ ಒಂದು ವಾರದ ಹಿಂದೆ ನಾನೇ ಅದನ್ನು ಬದಲಿಸಿದ್ದೆ. ಆ ಮಾತು ಸುಳ್ಳೂ ಅಲ್ಲ. ಸಂಜೆಯ ಆಕಾಶವನ್ನು ತಿದ್ದುವಾಗ ಹದಿನಾರು ಬಿಟ್ಟಿನಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆಯುವುದಿಲ್ಲ. ತಿದ್ದುವುದು ಹದಿನಾರರಲ್ಲಿ, ಕೊಡುವುದು ಎಂಟರಲ್ಲಿ ಎಂದು ನಾನು ಆಮೇಲೆ ರೂಢಿ ಮಾಡಿಕೊಂಡೆ.

2. ಪಟ್ಟಿಯಲ್ಲಿ ಇಲ್ಲವೆಂದರೆ ಆ ಅಳತೆಗೆ ಈ ಚಿತ್ರ ಹೊಂದುವುದಿಲ್ಲ

ಸೇರಿನಲ್ಲಿ ಅಕ್ಕಿ ಅಳೆಯಬಹುದು, ಬಟ್ಟೆ ಅಳೆಯಲು ಬರುವುದಿಲ್ಲ. ಫಾರ್ಮ್ಯಾಟುಗಳೂ ಹಾಗೇ. ಫೋಟೊಶಾಪಿನಲ್ಲಿ ಜೆಪೆಗ್ ಒಪ್ಪುವುದು ಮೂರೇ ಮೋಡುಗಳನ್ನು: ಗ್ರೇಸ್ಕೇಲ್, ಆರ್‌ಜಿಬಿ, ಸಿಎಂವೈಕೆ. ಚಿತ್ರ ಬೇರೆ ಯಾವುದೇ ಮೋಡಿನಲ್ಲಿದ್ದರೂ ಜೆಪೆಗ್ ಸಿಗುವುದಿಲ್ಲ. ಚಿತ್ರ ಆ ಮೋಡಿಗೆ ಹೋದದ್ದೇ ನಮ್ಮ ಗಮನಕ್ಕೆ ಬಂದಿರುವುದಿಲ್ಲ.

ಜಿಫ್ ಅಥವಾ ಕಡಿಮೆ ಬಣ್ಣದ ಪಿಎನ್‌ಜಿ ತೆರೆದರೆ ಅದು ಇಂಡೆಕ್ಸ್ಡ್ ಮೋಡಿನಲ್ಲಿ ತೆರೆಯುತ್ತದೆ. ಗುರುತು ಸುಲಭ: ಲೇಯರಿಗೆ ಬೀಗ ಬಿದ್ದಿರುತ್ತದೆ, ಹೊಸ ಲೇಯರ್ ಸೇರಿಸಲಾಗುವುದಿಲ್ಲ, ಫಿಲ್ಟರುಗಳು ಮಂಕಾಗಿರುತ್ತವೆ. ಸಂಘದ ಲೋಗೊ ಎಂದು ಕಳಿಸುವ ಹಳೆಯ ಚಿತ್ರಗಳು ಹೆಚ್ಚಾಗಿ ಹೀಗೇ ಇರುತ್ತವೆ. ಸ್ಕ್ಯಾನರಿನಲ್ಲಿ ಅಪ್ಪಟ ಕಪ್ಪು ಬಿಳುಪಾಗಿ ತೆಗೆದ ಸಹಿ, ಮುದ್ರೆ, ಹಸ್ತಪ್ರತಿ ಬಿಟ್‌ಮ್ಯಾಪ್ ಮೋಡಿನಲ್ಲಿ ಬರುತ್ತವೆ. ಅದನ್ನು ನೇರವಾಗಿ ಆರ್‌ಜಿಬಿ ಮಾಡಲಾಗದು. ಮೊದಲು ಗ್ರೇಸ್ಕೇಲ್, ಆಮೇಲೆ ಆರ್‌ಜಿಬಿ. ಮೂರು ನಾಲ್ಕು ಎಕ್ಸ್‌ಪೋಷರ್ ಕೂಡಿಸಿ ಎಚ್‌ಡಿಆರ್ ಮಾಡಿದವರ ಫೈಲು 32 ಬಿಟ್ ಆಗಿರುತ್ತದೆ. ಅದಕ್ಕೆ ಇಂದಿನ ಆವೃತ್ತಿಗಳಲ್ಲೂ ಜೆಪೆಗ್ ಸಿಗದು, ಮೊದಲು ಕೆಳಗಿಳಿಸಲೇಬೇಕು.

ಎಲ್ಲಕ್ಕಿಂತ ದಿಕ್ಕು ತಪ್ಪಿಸುವುದು ಮಲ್ಟಿಚಾನೆಲ್. ಜಗಳೂರಿನ ಹುಡುಗಿಯೊಬ್ಬಳು ನನ್ನ ಹತ್ತಿರ ಕಲಿಯುತ್ತಿದ್ದಾಗ ಒಬ್ಬ ಅಜ್ಜಿ ತಮ್ಮ ಯಜಮಾನರ ಫೋಟೊ ತಂದಿದ್ದರು. ಗೋಡೆಯ ಮೇಲಿದ್ದು ಮಳೆಗಾಲದಲ್ಲಿ ನೆನೆದು, ಎಡಗೆನ್ನೆಯಿಂದ ರುಮಾಲಿನವರೆಗೆ ಹಳದಿ ಕಲೆ ಹರಡಿತ್ತು. ಅವರ ಹತ್ತಿರ ಇದ್ದದ್ದು ಆ ಒಂದೇ ಫೋಟೊ. ಹಳದಿ ನೀಲಿ ಬೆಳಕನ್ನು ಹೀರುತ್ತದೆ. ಹಾಗಾಗಿ ನೀಲಿ ಚಾನೆಲ್ಲಿನಲ್ಲಿ ಕಲೆ ಕಪ್ಪಗೆ ಕಾಣುತ್ತದೆ, ಕೆಂಪು ಚಾನೆಲ್ಲಿನಲ್ಲಿ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಇದನ್ನು ಅವಳಿಗೆ ತೋರಿಸಿ ಊಟಕ್ಕೆ ಹೋದೆ. ನೀಲಿಯಲ್ಲಿ ಕಲೆ ಇದೆ ಅಂದಮೇಲೆ ಆ ಚಾನೆಲ್ಲೇ ಬೇಡವೆಂದು ಅವಳು ಅದನ್ನು ಎಳೆದು ಕಸದ ಬುಟ್ಟಿಗೆ ಹಾಕಿದಳು. ಯೋಚಿಸಿದ ದಾರಿ ಸರಿಯಾಗಿಯೇ ಇತ್ತು. ಆದರೆ ಆರ್‌ಜಿಬಿಯ ಮೂರರಲ್ಲಿ ಒಂದು ಚಾನೆಲ್ ತೆಗೆದ ಕೂಡಲೇ ಫೋಟೊಶಾಪ್ ಚಿತ್ರವನ್ನು ಮಲ್ಟಿಚಾನೆಲ್ ಮಾಡಿಬಿಡುತ್ತದೆ. ಕೆಂಪು, ಹಸಿರು ಇದ್ದಲ್ಲಿ ಸಯಾನ್, ಮೆಜೆಂಟಾ ಎಂಬ ಹೆಸರು ಬಂದವು, ಅಜ್ಜನ ಮುಖ ವಿಚಿತ್ರ ಬಣ್ಣಕ್ಕೆ ತಿರುಗಿತು, ಸೇವ್ ಪಟ್ಟಿಯಿಂದ ಜೆಪೆಗ್, ಪಿಎನ್‌ಜಿ ಎರಡೂ ಹೋದವು. ನಾನು ಬರುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರಿತ್ತು.

ಹಿಸ್ಟರಿ ಪ್ಯಾನೆಲ್ಲಿನಲ್ಲಿ ಎರಡು ಹೆಜ್ಜೆ ಹಿಂದೆ ಹೋದೆವು. ಆಮೇಲೆ ಕೆಂಪು ಚಾನೆಲ್ಲನ್ನು ಮಾತ್ರ ಆರಿಸಿ, ಮೋಡ್ ಮೆನುವಿನಲ್ಲಿ ಗ್ರೇಸ್ಕೇಲ್ ಒತ್ತಿದೆವು. ಉಳಿದ ಚಾನೆಲ್ಲುಗಳನ್ನು ಬಿಡಲೇ ಎಂದು ಅದು ಕೇಳುತ್ತದೆ. ಹೂಂ ಅಂದರೆ ಕೆಂಪಿನಲ್ಲಿದ್ದ ಕಲೆಯಿಲ್ಲದ ಚಿತ್ರವೊಂದೇ ಉಳಿಯುತ್ತದೆ, ಜೆಪೆಗ್ಗೂ ಪಟ್ಟಿಗೆ ಮರಳುತ್ತದೆ. ಉಳಿದ ತಿದ್ದುಪಡಿಯನ್ನೆಲ್ಲ ಆ ಹುಡುಗಿಯೇ ಮುಗಿಸಿದಳು. ಸಂಜೆ ಬಂದ ಅಜ್ಜಿ ಫ್ರೇಮಿನ ಗಾಜಿನ ಮೇಲೆ ಕೈಯಿಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದರು.

3. ಪಿಎನ್‌ಜಿ ಕಾಣದಿದ್ದರೆ ಸಿಎಂವೈಕೆ ಇದೆಯೇ ನೋಡಿ

ಲಗ್ನಪತ್ರಿಕೆ ಆಫ್‌ಸೆಟ್ ಪ್ರೆಸ್ಸಿಗೆ ಹೋಗುವುದರಿಂದ ಸಿಎಂವೈಕೆಯಲ್ಲಿ ಮಾಡುತ್ತೇವೆ. ಎರಡು ದಿನ ಬಿಟ್ಟು ಹುಡುಗಿಯ ಅಣ್ಣ ಬಂದು, "ಹೆಸರಿರೋ ಡಿಸೈನ್ ಮಾತ್ರ ಹಿಂದೆ ಬಿಳಿ ಇಲ್ಲದೆ ಕೊಡಿ, ವಾಟ್ಸಾಪ್ ವಿಡಿಯೊಗೆ ಹಾಕ್ಬೇಕು" ಅನ್ನುತ್ತಾರೆ. ಹಿನ್ನೆಲೆ ಪಾರದರ್ಶಕವಾಗಿರಬೇಕೆಂದರೆ ಜೆಪೆಗ್ಗಿನಲ್ಲಿ ಆಗದು, ಪಿಎನ್‌ಜಿ ಬೇಕು. ಪಟ್ಟಿಯಲ್ಲಿ ಪಿಎನ್‌ಜಿ ಇರುವುದಿಲ್ಲ. ಪರದೆಯ ಮೇಲೆ ನೋಡುವ ಚಿತ್ರಗಳಿಗೆಂದು ಹುಟ್ಟಿದ ಫಾರ್ಮ್ಯಾಟ್ ಅದು. ನಾಲ್ಕು ಶಾಯಿಯ ಲೆಕ್ಕಕ್ಕೆ ಅದರಲ್ಲಿ ಜಾಗವೇ ಇಲ್ಲ.

ಆರ್‌ಜಿಬಿ ಮಾಡಿದರೆ ಬರುತ್ತದೆ. ಆದರೆ ಇಲ್ಲಿ ಎರಡು ಎಚ್ಚರ ಬೇಕು. ಮೊದಲು ಇಮೇಜ್ ಮೆನುವಿನ ಡೂಪ್ಲಿಕೇಟ್ ಒತ್ತಿ ನಕಲು ಮಾಡಿಕೊಂಡು ಆ ನಕಲಿನ ಮೇಲೆ ಮೋಡ್ ಬದಲಿಸಿ. ಲೇಯರುಗಳನ್ನು ಚಪ್ಪಟೆ ಮಾಡಲೇ ಎಂದು ಕೇಳಿದಾಗ ಬೇಡ ಅನ್ನಿ, ಇಲ್ಲದಿದ್ದರೆ ಪಾರದರ್ಶಕತೆಯೇ ಹೋಗುತ್ತದೆ. ಎರಡನೆಯದು ಬಣ್ಣದ್ದು. ಪರದೆಯ ಮೇಲೆ ಹೊಳೆಯುವ ಕುಂಕುಮಗೆಂಪು, ಗಿಳಿಹಸಿರು ಸಿಎಂವೈಕೆಗೆ ಹೋದಾಗ ಮಬ್ಬಾಗುತ್ತವೆ. ಅಲ್ಲಿಂದ ಮತ್ತೆ ಆರ್‌ಜಿಬಿಗೆ ತಂದರೂ ಆ ಹೊಳಪು ಹಿಂದಕ್ಕೆ ಬರುವುದಿಲ್ಲ. ಹೋದದ್ದು ಹೋಯಿತು. ಒಂದು ಮದುಮಗಳ ಧಾರೆ ಸೀರೆ ಹೀಗೇ ಇಟ್ಟಿಗೆ ಬಣ್ಣಕ್ಕೆ ಇಳಿದಿದ್ದನ್ನು ನೋಡಿ ಅವರ ತಾಯಿ ಪಟ್ಟ ಬೇಸರ ನನಗೆ ಇನ್ನೂ ನೆನಪಿದೆ. ಅಂದಿನಿಂದ ಆರ್‌ಜಿಬಿಯ ಮೂಲವನ್ನು ಬೇರೆ ಇಟ್ಟು, ಪ್ರೆಸ್ಸಿಗೆ ಮಾತ್ರ ಸಿಎಂವೈಕೆ ಪ್ರತಿ ಮಾಡುತ್ತೇನೆ.

4. ಫಾರ್ಮ್ಯಾಟ್ ಎಲ್ಲೂ ಹೋಗಿಲ್ಲ, ಬೇರೆ ಮೆನುವಿನಲ್ಲಿದೆ

2021ರ ಮೇ ತಿಂಗಳಲ್ಲಿ ಫೋಟೊಶಾಪ್ 22.4 ಬಂದಾಗ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಅಲ್ಲಿಯವರೆಗೆ ಲೇಯರ್ ಇದ್ದ ಫೈಲಿನಲ್ಲೂ ಸೇವ್ ಆಸ್ ಒತ್ತಿದರೆ ಜೆಪೆಗ್ ಸಿಗುತ್ತಿತ್ತು. ನಕಲಾಗಿ ಉಳಿಸುತ್ತೇನೆಂಬ ಗುರುತು ತಾನೇ ಬೀಳುತ್ತಿತ್ತು. ಹೊಸ ಆವೃತ್ತಿಯಲ್ಲಿ ಸೇವ್ ಆಸ್ ತೋರಿಸುವುದು ಚಿತ್ರದಲ್ಲಿರುವ ಎಲ್ಲವನ್ನೂ ಹಿಡಿದಿಡಬಲ್ಲ ಫಾರ್ಮ್ಯಾಟುಗಳನ್ನು ಮಾತ್ರ. ಲೇಯರ್ ಇದ್ದರೆ ಪಿಎಸ್‌ಡಿ, ಟಿಫ್ ಮುಂತಾದವು ಕಾಣುತ್ತವೆ. ಜೆಪೆಗ್ ಬೇಕಾದರೆ ಸೇವ್ ಎ ಕಾಪಿಗೆ ಹೋಗಬೇಕು. ಕೀಲಿಮಣೆಯಲ್ಲಿ ಕಂಟ್ರೋಲ್, ಆಲ್ಟ್, ಎಸ್. ಮ್ಯಾಕ್ ವ್ಯವಸ್ಥೆಯಲ್ಲಾದ ಬದಲಾವಣೆಯಿಂದ ಹೀಗೆ ಮಾಡಬೇಕಾಯಿತೆಂದು ಅಡೋಬಿ ಹೇಳಿತು. ಕೆಲವೇ ವಾರದಲ್ಲಿ ಬಂದ 22.4.2ರಲ್ಲಿ ಹಳೆಯ ರೀತಿಗೆ ಮರಳಲು ಒಂದು ಆಯ್ಕೆಯನ್ನೂ ಕೊಟ್ಟಿತು: ಪ್ರಿಫರೆನ್ಸಸ್ ಒಳಗೆ ಫೈಲ್ ಹ್ಯಾಂಡ್ಲಿಂಗ್, ಅಲ್ಲಿ ಎನೇಬಲ್ ಲೆಗಸಿ ಸೇವ್ ಆಸ್.

ನಾನು ಆ ಗುರುತು ಹಾಕಿಕೊಂಡಿಲ್ಲ. ಹೊಸ ರೀತಿಯೇ ಒಳ್ಳೆಯದೆಂದು ನನ್ನ ಅನಿಸಿಕೆ. ಲೇಯರ್ ಇರುವ ಮೂಲ ಬೇರೆ, ಗಿರಾಕಿಗೆ ಕೊಡುವ ಪ್ರತಿ ಬೇರೆ ಎಂಬುದು ಮೆನುವಿನಲ್ಲೇ ಕಣ್ಣಿಗೆ ಬಿದ್ದರೆ ಕಲಿಯುವವರು ಮೂಲವನ್ನು ಕಳೆದುಕೊಳ್ಳುವುದಿಲ್ಲ. ಚಿತ್ರ ತಿದ್ದುವ ಇನ್ನೊಂದು ಸಾಫ್ಟ್‌ವೇರ್ ಗಿಂಪ್ ಈ ಹೆಜ್ಜೆಯನ್ನು 2012ರಲ್ಲೇ ಇಟ್ಟಿತ್ತು. ಅದರ 2.8ನೇ ಆವೃತ್ತಿಯಿಂದ ಸೇವ್ ಅಂದರೆ ಗಿಂಪಿನ ಸ್ವಂತ ಎಕ್ಸ್‌ಸಿಎಫ್ ಫೈಲು ಮಾತ್ರ. ಜೆಪೆಗ್, ಪಿಎನ್‌ಜಿ ಎಲ್ಲ ಎಕ್ಸ್‌ಪೋರ್ಟ್ ಆಸ್ ಒಳಗೆ. ಅಲ್ಲಿ ಪಟ್ಟಿಯಲ್ಲಿ ಹುಡುಕುವ ಅಗತ್ಯವೂ ಇಲ್ಲ, ಹೆಸರಿನ ಕೊನೆಗೆ ಡಾಟ್ ಜೆಪಿಜಿ ಎಂದು ಬರೆದರೆ ಅದೇ ಫಾರ್ಮ್ಯಾಟಿನಲ್ಲಿ ಉಳಿಯುತ್ತದೆ.

ಫೋಟೊಶಾಪಿನಲ್ಲಿ ಇನ್ನೊಂದು ಕಡೆಯೂ ಜನ ನಿಂತುಬಿಡುತ್ತಾರೆ. ಮೊದಲ ಸಲ ಸೇವ್ ಮಾಡುವಾಗ ಕ್ಲೌಡಿನಲ್ಲಿ ಉಳಿಸಲೇ ಎಂದು ಕೇಳುವ ಕಿಟಕಿ ಬರುತ್ತದೆ; ಅದರಲ್ಲಿ ಫಾರ್ಮ್ಯಾಟಿನ ಪಟ್ಟಿಯೇ ಇರುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಉಳಿಸಿ ಎಂಬ ಬಟನ್ ಒತ್ತಿದರೆ ಹಳೆಯ ಪರಿಚಿತ ಕಿಟಕಿ ತೆರೆಯುತ್ತದೆ.

5. ಹೆಸರು ತಿದ್ದಿದರೆ ಒಳಗಿನದು ತಿದ್ದಿದಂತಾಗುವುದಿಲ್ಲ

ಜೆಪೆಗ್ ಸಿಗಲಿಲ್ಲವೆಂದು ಪಿಎನ್‌ಜಿಯಾಗಿ ಉಳಿಸಿ, ಆಮೇಲೆ ಹೆಸರಿನ ತುದಿಯನ್ನು ಜೆಪಿಜಿ ಎಂದು ಬದಲಿಸಿ ತರುವವರು ಬಹಳ. ಕೆಲವು ಕಡೆ ಅದು ನಡೆದೂ ಬಿಡುತ್ತದೆ, ಏಕೆಂದರೆ ಎಷ್ಟೋ ಸಾಫ್ಟ್‌ವೇರುಗಳು ಹೆಸರು ಬಿಟ್ಟು ಒಳಗಿನದನ್ನೇ ಓದುತ್ತವೆ. ನಡೆಯದ ಕಡೆ ಫೋಟೊಶಾಪಿನಲ್ಲಿ ಬರುವ ಸಂದೇಶ ಜೆಪೆಗ್ ಮಾರ್ಕರ್ ತಪ್ಪಾಗಿದೆ ಎಂದು. ಫೈಲು ಕೆಟ್ಟಿದೆ ಎಂದುಕೊಂಡು ಅದನ್ನು ಅಳಿಸಿಬಿಟ್ಟವರನ್ನೂ ನೋಡಿದ್ದೇನೆ. ಫೈಲು ಕೆಟ್ಟಿರುವುದಿಲ್ಲ, ಹೆಸರು ತಪ್ಪಿರುತ್ತದೆ.

ಒಳಗಿರುವುದೇನೆಂದು ತಿಳಿಯಲು ನಾನು ನೋಟ್‌ಪ್ಯಾಡ್ ಬಳಸುತ್ತೇನೆ. ಫೈಲನ್ನು ಅದರಲ್ಲಿ ತೆರೆದರೆ ಅರ್ಥವಾಗದ ಗುರುತುಗಳು ಪುಟ ತುಂಬುತ್ತವೆ. ಮೊದಲ ಸಾಲನ್ನಷ್ಟೇ ನೋಡಿದರೆ ಸಾಕು. ಪಿಎನ್‌ಜಿ ಆದರೆ ಆರಂಭದಲ್ಲೇ ಪಿ, ಎನ್, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ ಕಾಣುತ್ತವೆ. ವೆಬ್‌ಪಿ ಆದರೆ ರಿಫ್ ಎಂದೂ ತುಸು ಮುಂದೆ ವೆಬ್‌ಪಿ ಎಂದೂ ಇರುತ್ತದೆ. ಪಿಎಸ್‌ಡಿ ಎಂಟು, ಬಿ, ಪಿ, ಎಸ್ ಎಂದು ಶುರುವಾಗುತ್ತದೆ. ಜೆಪೆಗ್ಗಿನಲ್ಲಿ ಸಾಮಾನ್ಯವಾಗಿ ಜೆಎಫ್ಐಎಫ್ ಅಥವಾ ಎಕ್ಸಿಫ್ ಎಂಬ ಪದ ಸಿಗುತ್ತದೆ. ನೋಡಿ ಮುಚ್ಚಿಬಿಡಿ, ನೋಟ್‌ಪ್ಯಾಡಿನಲ್ಲಿ ಸೇವ್ ಮಾತ್ರ ಒತ್ತಬೇಡಿ, ಚಿತ್ರ ಹಾಳಾಗುತ್ತದೆ.

ಹೆಸರು ಬದಲಿಸಿದರೆ ಸಾಕಾಗುವ ಸಂದರ್ಭವೂ ಒಂದಿದೆ. ಬ್ರೌಸರಿನಿಂದ ಇಳಿಸಿದ ಚಿತ್ರ ಕೆಲವು ವಿಂಡೋಸ್ ಕಂಪ್ಯೂಟರುಗಳಲ್ಲಿ ಜೆಎಫ್ಐಎಫ್ ಎಂಬ ತುದಿಯೊಂದಿಗೆ ಉಳಿಯುತ್ತದೆ. ಅದು ಒಳಗೆ ಅಪ್ಪಟ ಜೆಪೆಗ್ಗೇ. ತುದಿಯನ್ನು ಜೆಪಿಜಿ ಮಾಡಿದರೆ ಯಾವ ನಷ್ಟವೂ ಇಲ್ಲ. ಆದರೆ ತುದಿ ಕಣ್ಣಿಗೆ ಕಾಣಬೇಕಲ್ಲ? ವಿಂಡೋಸ್ ಅದನ್ನು ಬಚ್ಚಿಟ್ಟಿರುತ್ತದೆ. ಹೊಸ ಕಂಪ್ಯೂಟರ್ ಬಂದ ದಿನ ನಾನು ಮಾಡುವ ಮೊದಲ ಕೆಲಸ, ಫೋಲ್ಡರಿನ ವ್ಯೂ ಮೆನುವಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬಲ್ಲಿ ಗುರುತು ಹಾಕುವುದು. ಹಾಕದಿದ್ದರೆ ಜೆಪಿಜಿ ಎಂದು ನಾವು ಬರೆದದ್ದರ ಹಿಂದೆ ಪಿಎಸ್‌ಡಿ ಅಡಗಿ ಕೂತಿದ್ದರೂ ಗೊತ್ತಾಗುವುದಿಲ್ಲ.

6. ತೊಂದರೆ ಎಷ್ಟೋ ಸಲ ಫೋನಿನಿಂದಲೇ ಹೊರಟಿರುತ್ತದೆ

ತಂಗಿಯ ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಅರ್ಜಿಯ ಕೊನೆಯ ದಿನ, ರಾತ್ರಿ ಹತ್ತೂಮುಕ್ಕಾಲಿಗೆ ಫೋನ್. "ಮಾಮಾ, ಫೋಟೊ ತಗೊಳ್ತಾನೇ ಇಲ್ಲ. ಜೆಪೆಗ್ ಬೇಕು ಅಂತಿದೆ. ನಂದು ಜೆಪೆಗ್ಗೇ ಇದೆಯಲ್ಲ!" ಗೆಳತಿಯ ಐಫೋನಿನಲ್ಲಿ ತೆಗೆದ ಫೋಟೊ. ಲ್ಯಾಪ್‌ಟಾಪಿಗೆ ಹಾಕಿಕೊಂಡಾಗ ತೆರೆಯಲಿಲ್ಲವೆಂದು ಯಾರೋ ಅದರ ತುದಿಯನ್ನು ಜೆಪಿಜಿ ಮಾಡಿ ಕೊಟ್ಟಿದ್ದರು.

2017ರ ಐಒಎಸ್ 11ರಿಂದ ಐಫೋನುಗಳು ಫೋಟೊವನ್ನು ಎಚ್ಇಐಸಿ ರೂಪದಲ್ಲಿ ಉಳಿಸುತ್ತವೆ. ಜಾಗ ಕಡಿಮೆ ಸಾಕು, ಚಿತ್ರ ಚೆನ್ನಾಗಿರುತ್ತದೆ. ಆದರೆ ವಿಂಡೋಸಿನಲ್ಲಿ ಅದನ್ನು ತೆರೆಯಲು ಮೈಕ್ರೊಸಾಫ್ಟ್ ಸ್ಟೋರಿನಿಂದ ಬೇರೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕಾಗುತ್ತದೆ, ಫೋಟೊಶಾಪಿಗೂ ಅದೇ ಬೇಕು. ಆ ಹೊತ್ತಿನಲ್ಲಿ ಅದನ್ನೆಲ್ಲ ಹೇಳಿ ಪ್ರಯೋಜನವಿರಲಿಲ್ಲ. "ಗೆಳತಿ ಫೋನಲ್ಲಿ ಸೆಟ್ಟಿಂಗ್ಸ್ ತೆಗಿ, ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್. ಮೋಸ್ಟ್ ಕಂಪ್ಯಾಟಿಬಲ್ ಅಂತಿದೆಯಾ? ಅದನ್ನ ಒತ್ತು. ಬಿಳಿ ಗೋಡೆ ಮುಂದೆ ನಿಂತು ಇನ್ನೊಂದು ಫೋಟೊ ತಗೊ." ಐದು ನಿಮಿಷದಲ್ಲಿ ಹೊಸ ಫೋಟೊ ನನಗೆ ಬಂತು.

ಇಂಥ ಅರ್ಜಿಗಳಲ್ಲಿ ಫಾರ್ಮ್ಯಾಟ್ ಒಂದು ಗೋಡೆಯಾದರೆ ಅದರ ಆಚೆ ಅಳತೆಯ ಗೋಡೆ. ಐಬಿಪಿಎಸ್ ನಡೆಸುವ ಬ್ಯಾಂಕ್ ಪರೀಕ್ಷೆಗಳಿಗೆ ಫೋಟೊ 200 ಗುಣಿಸು 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 ಗುಣಿಸು 60 ಪಿಕ್ಸೆಲ್, 10ರಿಂದ 20 ಕೆಬಿ. ಇದಕ್ಕೆ ನನಗೆ ಇಂದಿಗೂ ಕೈಹಿಡಿಯುವುದು ಫೋಟೊಶಾಪಿನ ಹಳೆಯ ಸೇವ್ ಫಾರ್ ವೆಬ್. ಅದರ ಮೂಲೆಯ ಚಿಕ್ಕ ಮೆನುವಿನಲ್ಲಿ ಆಪ್ಟಿಮೈಸ್ ಟು ಫೈಲ್ ಸೈಜ್ ಎಂದಿದೆ. 40 ಕೆಬಿ ಎಂದು ಬರೆದರೆ ಅಷ್ಟಕ್ಕೆ ಹೊಂದುವ ಗುಣಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ. ಹನ್ನೊಂದೂ ಇಪ್ಪತ್ತಕ್ಕೆ ಅವಳಿಂದ ಸಂದೇಶ ಬಂತು, ಅರ್ಜಿ ಸಂಖ್ಯೆಯೊಂದಿಗೆ.

ಅಂದಿನಿಂದ ಪರೀಕ್ಷೆಯ ಫೋಟೊಗೆ ಬಂದವರಿಗೆಲ್ಲ ಎರಡು ಫೈಲು ಕೊಡುತ್ತೇನೆ, ಒಂದು ದೊಡ್ಡದು, ಒಂದು ಅರ್ಜಿಯ ಅಳತೆಗೆ ಇಳಿಸಿದ್ದು. ಅದಕ್ಕೆ ಬೇರೆ ಹಣ ತೆಗೆದುಕೊಳ್ಳುವುದಿಲ್ಲ.

7. ಚಿತ್ರ ಮಿತಿಗಿಂತ ದೊಡ್ಡದಾಗಿರಬಹುದು

ಗಣಪತಿ ಹಬ್ಬದ ಫ್ಲೆಕ್ಸ್. ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಹೊನ್ನಾಳಿಯ ಹುಡುಗ ಫೋಟೊ ಪ್ರಿಂಟಿನ ರೂಢಿಯಲ್ಲಿ ಇಂಚಿಗೆ 300 ಪಿಕ್ಸೆಲ್ ಇಟ್ಟು ಪುಟ ತೆರೆದಿದ್ದ. ಲೆಕ್ಕ ಹಾಕಿ: 240 ಇಂಚು ಗುಣಿಸು 300, ಅಂದರೆ 72,000 ಪಿಕ್ಸೆಲ್ ಅಗಲ. ಜೆಪೆಗ್ಗಿನ ಒಂದು ಬದಿ 65,535 ಪಿಕ್ಸೆಲ್ ಮೀರುವಂತಿಲ್ಲ. ಪಿಎಸ್‌ಡಿಗೆ ಮಿತಿ 30,000. ವೆಬ್‌ಪಿಗಂತೂ 16,383. ಅವನ ಕೆಲಸ ಪಿಎಸ್‌ಡಿಯಾಗಿಯೂ ಉಳಿಯಲಿಲ್ಲ, ಜೆಪೆಗ್ಗೂ ಆಗಲಿಲ್ಲ. ಅಷ್ಟು ದೊಡ್ಡದನ್ನು ಹಿಡಿಯಲು ಫೋಟೊಶಾಪಿನಲ್ಲಿ ಪಿಎಸ್‌ಬಿ ಇದೆ. ಮೊದಲು ಅದರಲ್ಲಿ ಉಳಿಸಿ ಉಸಿರು ಬಿಡು ಎಂದೆ. ರಸ್ತೆಯ ಆಚೆಯಿಂದ ನೋಡುವ ಫ್ಲೆಕ್ಸಿಗೆ ಇಂಚಿಗೆ 72 ಪಿಕ್ಸೆಲ್ ಸಾಕು. ಇಳಿಸಿದಾಗ ಅಗಲ 17,280 ಆಯಿತು, ಜೆಪೆಗ್ ಸಲೀಸಾಗಿ ಆಯಿತು, ಕಂಪ್ಯೂಟರ್ ತೆವಳುವುದೂ ನಿಂತಿತು.

8. ಕೆಲವು ಫಾರ್ಮ್ಯಾಟುಗಳು ಹಕ್ಕಿನ ಕಾರಣಕ್ಕೆ ಹೊರಗಿರುತ್ತವೆ

ಜಿಫ್ 1987ರಲ್ಲಿ ಕಂಪ್ಯುಸರ್ವ್ ಕಂಪನಿ ತಂದದ್ದು. ಅದರೊಳಗಿನ ಎಲ್‌ಜೆಡ್‌ಡಬ್ಲ್ಯು ಎಂಬ ಕುಗ್ಗಿಸುವ ವಿಧಾನದ ಪೇಟೆಂಟ್ ಯುನಿಸಿಸ್ ಕೈಯಲ್ಲಿತ್ತು. ಆ ಹಕ್ಕಿನ ಗಲಾಟೆಯಿಂದಲೇ 1990ರ ದಶಕದ ನಡುವೆ ಪಿಎನ್‌ಜಿ ಹುಟ್ಟಿತು. ಅದೇ ಕಾರಣಕ್ಕೆ ಆಗ ಲಿನಕ್ಸ್‌ನ ಡೆಬಿಯನ್‌ನಲ್ಲಿ ಗಿಂಪ್ ಹಾಕಿಕೊಂಡವರಿಗೆ ಜಿಫ್ ಬೇಕಾದರೆ ಬೇರೆಯೇ ಪ್ಯಾಕೇಜ್ ಹಾಕಿಕೊಳ್ಳಬೇಕಿತ್ತು. ಅಮೆರಿಕದಲ್ಲಿ ಆ ಪೇಟೆಂಟ್ 2003ಕ್ಕೆ ಮುಗಿಯಿತು, ಉಳಿದ ಕಡೆ 2004ಕ್ಕೆ. ಎಚ್ಇಐಸಿಯ ಕಥೆಯೂ ಇದೇ ಜಾತಿಯದು: ಅದರೊಳಗಿನ ಎಚ್ಇವಿಸಿ ವಿಧಾನದ ಮೇಲೆ ಪೇಟೆಂಟುಗಳಿವೆ, ಮೇಲೆ ಹೇಳಿದ ಬೇರೆ ಎಕ್ಸ್‌ಟೆನ್ಷನ್ ಬೇಕಾಗುವುದು ಅದಕ್ಕೇ.

9. ರಿಪೇರಿ ಕೊನೆಗಿರಲಿ

ಮೇಲಿನ ಯಾವುದೂ ಅಲ್ಲವೆಂದಾದರೆ ಮಾತ್ರ ಸಾಫ್ಟ್‌ವೇರಿನ ಮೇಲೆ ಸಂಶಯಪಡಿ. ಮೊದಲು ಆವೃತ್ತಿ ನೋಡಿ. ವೆಬ್‌ಪಿಯನ್ನು ಗೂಗಲ್ 2010ರಲ್ಲೇ ತಂದರೂ ಫೋಟೊಶಾಪಿಗೆ ಅದು ಸ್ವಂತವಾಗಿ ಬಂದದ್ದು 2022ರ ಫೆಬ್ರವರಿಯ 23.2ರಲ್ಲಿ. ಅದಕ್ಕಿಂತ ಹಳೆಯದಾದರೆ ಪ್ಲಗಿನ್ ಬೇಕು. ಗಿಂಪಿನಲ್ಲಿ 2018ರ 2.10ರಿಂದ ಇದೆ. ಆವೃತ್ತಿ ಬದಲಾದಾಗ ಹಳೆಯ ಪ್ಲಗಿನ್‌ಗಳು ಹೊಸ ಫೋಲ್ಡರಿಗೆ ತಾವಾಗಿ ಬಂದಿರಲಿಕ್ಕಿಲ್ಲ, ಅದನ್ನೂ ನೋಡಿ.

ಕೊನೆಯ ಮದ್ದು ಪ್ರಿಫರೆನ್ಸಸ್ ಅಳಿಸುವುದು. ಫೋಟೊಶಾಪ್ ತೆರೆಯುತ್ತಿದ್ದಂತೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದರೆ ಅಳಿಸಲೇ ಎಂದು ಕೇಳುತ್ತದೆ. ಹೂಂ ಅನ್ನುವ ಮುನ್ನ ನೀವು ಮಾಡಿಕೊಂಡ ಆಕ್ಷನ್‌ಗಳನ್ನು ಬೇರೆ ಫೈಲಾಗಿ ಉಳಿಸಿಕೊಳ್ಳಿ. ಪಾಸ್‌ಪೋರ್ಟ್ ಸೈಜಿನ ಎಂಟು ಫೋಟೊ ಜೋಡಿಸುವ ಆಕ್ಷನ್ ಕಳೆದುಹೋದರೆ ಮರುದಿನದ ಬೆಳಗು ಬಹಳ ಕಷ್ಟದ್ದಾಗುತ್ತದೆ.

10. ಆತುರದಲ್ಲಿ ಮೂಲವನ್ನು ಚಪ್ಪಟೆ ಮಾಡಬೇಡಿ

ಜೆಪೆಗ್ ಬರಲೆಂದು ಲೇಯರುಗಳನ್ನೆಲ್ಲ ಫ್ಲಾಟನ್ ಮಾಡಿ, ಎಂಟು ಬಿಟ್ಟಿಗೆ ಇಳಿಸಿ, ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿಬಿಟ್ಟರೆ ಮೂಲ ಅಲ್ಲಿಗೆ ಮುಗಿಯಿತು. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಗಂಟೆ ತಪ್ಪಿದೆ ಎಂದು ಮಾರನೆ ದಿನ ಬಂದವರಿಗೆ ಇಡೀ ಪತ್ರಿಕೆಯನ್ನು ಹೊಸದಾಗಿ ಮಾಡಿಕೊಡಬೇಕಾಗುತ್ತದೆ. ಡೂಪ್ಲಿಕೇಟ್ ಒತ್ತಲು ಒಂದು ಕ್ಷಣ ಸಾಕು. ನನ್ನ ಅಂಗಡಿಯಲ್ಲಿ ಮೋಡ್ ಮೆನುವಿಗೆ ಹೋಗುವ ಮುನ್ನ ಡೂಪ್ಲಿಕೇಟ್ ಕಡ್ಡಾಯ.

ಹಾಗೆಂದು ಗಿರಾಕಿಗೆ ಬರೀ ಪಿಎಸ್‌ಡಿ ಕೊಟ್ಟು ಕಳಿಸುವುದೂ ಸರಿಯಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಕನ್ನಡ, ಆ ಫಾಂಟಿಲ್ಲದ ಅಂಗಡಿಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಬೀಳುತ್ತದೆ. ನಾಮಕರಣದ ಕಾರ್ಡಿನಲ್ಲಿ ಮಗುವಿನ ಹೆಸರು ಹಾಗೆ ಆದದ್ದನ್ನು ಕಂಡಿದ್ದೇನೆ. ಮೂಲ ನಮ್ಮಲ್ಲಿರಲಿ, ಅವರಿಗೆ ಅಕ್ಷರ ಚಿತ್ರವಾಗಿ ಕೂತ ಜೆಪೆಗ್ ಅಥವಾ ಟಿಫ್ ಹೋಗಲಿ.

11. ಫೋನಿನಲ್ಲಿ ಕೇಳಿದವರಿಂದ ಓದಿಸಿ

ಏನಾಗಿದೆ ಎಂದು ಕೇಳಿದರೆ ಜನ ತಮಗೆ ಅನಿಸಿದ್ದನ್ನು ಹೇಳುತ್ತಾರೆ. ಕಾಣುವುದನ್ನು ಓದಿಸಿದರೆ ಕಾರಣ ತಾನಾಗಿ ಸಿಗುತ್ತದೆ. ನಾನು ಕೇಳುವುದು ನಾಲ್ಕೇ: ಹೆಸರಿನ ಪಕ್ಕದ ಆವರಣದಲ್ಲಿ ಏನು ಬರೆದಿದೆ, ಒತ್ತಿದ್ದು ಸೇವ್ ಆಸ್ ಅಥವಾ ಸೇವ್ ಎ ಕಾಪಿ, ಚಿತ್ರದ ಅಳತೆ ಎಷ್ಟು, ಈ ಫೈಲು ಎಲ್ಲಿಂದ ಬಂತು.

ಮೊನ್ನೆ ಸಂಜೆ ಜಗಳೂರಿನಿಂದ ಅದೇ ಹುಡುಗಿ ಫೋನ್ ಮಾಡಿದ್ದಳು. ಈಗ ಅವಳ ಅಂಗಡಿಯಲ್ಲೂ ಇಬ್ಬರು ಕಲಿಯುತ್ತಿದ್ದಾರೆ. ಬೇರೆ ಯಾವುದೋ ಲೆಕ್ಕದ ಮಾತಾಡುತ್ತಿದ್ದಾಗ ಹಿಂದಿನಿಂದ ಒಬ್ಬ ಹುಡುಗ "ಅಕ್ಕಾ, ಪಿಎನ್‌ಜಿ ಬರ್ತಿಲ್ಲ" ಅಂದ. ಫೋನನ್ನು ಕಿವಿಯಿಂದ ತುಸು ದೂರ ಹಿಡಿದು ಅವಳು ಅವನಿಗೆ ಹೇಳಿದ್ದು ನನಗೂ ಕೇಳಿಸಿತು: "ಮೇಲೆ ಹೆಸರಿನ ಪಕ್ಕ ಏನ್ ಬರ್ದಿದೆ, ಜೋರಾಗಿ ಓದು."